ಮುದ್ರಿತ ಜಾನಪದ ಗ್ರಂಥಗಳ ಡಿಜಿಟಲೀಕರಣ ಮತ್ತು ಕೃತಿಸ್ವಾಮ್ಯದ ಪ್ರಶ್ನೆಗಳು

ಕನ್ನಡ ಜಾನಪದ ಅಧ್ಯಯನಕ್ಕೆ ಆಧಾರವಾಗಿರುವ ಆಕರಗಳಲ್ಲಿ ಬಹುಪಾಲು ಇಂದಿಗೂ ಮುದ್ರಿತ ಪುಸ್ತಕಗಳ ರೂಪದಲ್ಲಿಯೇ ಉಳಿದಿವೆ. ತ್ರಿಪದಿ ಸಂಗ್ರಹಗಳು, ಲಾವಣಿಗಳು, ಕಥನಗೀತೆಗಳು, ಗಾದೆ-ಒಗಟುಗಳ ಸಂಕಲನಗಳು ಮೊದಲಾದವುಗಳಲ್ಲಿ ಅನೇಕವು ಒಂದೇ ಮುದ್ರಣವನ್ನು ಕಂಡು ಮರೆಯಾದಂಥವು. ಅಗ್ಗದ ಕಾಗದದ ಮೇಲೆ ಅಚ್ಚಾದ ಈ ಪುಸ್ತಕಗಳ ಪುಟಗಳು ಈಗ ಮಡಿಸಿದ ಕಡೆ ಮುರಿಯುತ್ತಿವೆ, ಅಂಚುಗಳು ಹುಡಿಯಾಗುತ್ತಿವೆ. ಇಂತಹ ಪ್ರತಿಯೊಂದು ಕೈಯಲ್ಲಿರುವ ಸಂಶೋಧಕನಿಗೆ ಅದನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಬೇಕೆಂದು ತೋರುವುದು ಸಹಜವೇ ಆಗಿದೆ. ಹಾಗೆ ಮಾಡಿದ ಮೇಲೆ ಅದನ್ನು ಸಹೋದ್ಯೋಗಿಗೆ ಕಳುಹಿಸುವುದು, ವಿದ್ಯಾರ್ಥಿಗಳ ಗುಂಪಿಗೆ ಹಂಚುವುದು, ಅಂತರಜಾಲಕ್ಕೆ ಏರಿಸುವುದು ಇವೆಲ್ಲ ಒಂದರ ಹಿಂದೆ ಒಂದಾಗಿ ನಡೆಯುತ್ತವೆ. ಪುಸ್ತಕವನ್ನು ಹಣ ಕೊಟ್ಟು ಕೊಂಡದ್ದಾಗಿದೆ, ಅದು ಅಂಗಡಿಯಲ್ಲಿ ಸಿಗುತ್ತಿಲ್ಲ, ಹಾಡುಗಳಂತೂ ಜನರವು, ಹೀಗಿರುವಾಗ ಅಡ್ಡಿಯೇನು ಎಂಬುದು ಸಾಮಾನ್ಯವಾಗಿ ಮುಂದಿಡುವ ವಾದ. ಈ ವಾದದ ಮೂರು ಭಾಗಗಳೂ ಬೇರೆ ಬೇರೆ ಪ್ರಶ್ನೆಗಳಾಗಿವೆ. ಅವುಗಳಿಗೆ ಕಾನೂನು ನೀಡುವ ಉತ್ತರವೂ ಬೇರೆ ಬೇರೆಯಾಗಿದೆ.

ಪ್ರತಿಯ ಒಡೆತನವು ಕೃತಿಯ ಒಡೆತನವಲ್ಲ ಎಂಬುದು ಮೊದಲು ತಿಳಿಯಬೇಕಾದ ಸಂಗತಿ. ಕೊಂಡ ಪುಸ್ತಕವನ್ನು ಮಾರಬಹುದು, ದಾನ ಕೊಡಬಹುದು, ಎರವಲು ನೀಡಬಹುದು. ಆದರೆ 1957ರ ಭಾರತೀಯ ಕೃತಿಸ್ವಾಮ್ಯ ಅಧಿನಿಯಮದ 14ನೆಯ ಕಲಂ ಕೃತಿಯನ್ನು ಯಾವುದೇ ಭೌತಿಕ ರೂಪದಲ್ಲಿ ಮರುನಿರ್ಮಿಸುವ ಹಕ್ಕನ್ನು ಕೃತಿಸ್ವಾಮ್ಯ ಹೊಂದಿದವನಿಗೆ ಮೀಸಲಿಟ್ಟಿದೆ. ವಿದ್ಯುನ್ಮಾನ ಸಾಧನದ ಮೂಲಕ ಯಾವುದೇ ಮಾಧ್ಯಮದಲ್ಲಿ ಸಂಗ್ರಹಿಸಿಡುವುದೂ ಆ ಹಕ್ಕಿನೊಳಗೆ ಸೇರುತ್ತದೆಂದು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಸ್ಕ್ಯಾನ್ ಮಾಡುವುದೆಂದರೆ ಕಾನೂನಿನ ದೃಷ್ಟಿಯಲ್ಲಿ ಪ್ರತಿ ಮಾಡುವುದೇ. ಅದು ತಪ್ಪೋ ಅಲ್ಲವೋ ಎಂಬುದು ಎರಡು ವಿಷಯಗಳನ್ನು ಅವಲಂಬಿಸಿದೆ: ಆ ಕೃತಿಯಲ್ಲಿ ಕೃತಿಸ್ವಾಮ್ಯ ಇನ್ನೂ ಉಳಿದಿದೆಯೇ, ಉಳಿದಿದ್ದರೆ ಆ ಬಳಕೆಗೆ ಅಧಿನಿಯಮವೇ ವಿನಾಯಿತಿ ಕೊಟ್ಟಿದೆಯೇ?

ಅವಧಿಯ ಲೆಕ್ಕ ಮೇಲುನೋಟಕ್ಕೆ ಸರಳವಾಗಿದೆ. ಲೇಖಕನ ಜೀವಿತಾವಧಿ ಮತ್ತು ಅವನು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. ಮೂಲದಲ್ಲಿ ಇದು 50 ವರ್ಷವಾಗಿತ್ತು. 1941ರಲ್ಲಿ ನಿಧನರಾದ ರವೀಂದ್ರನಾಥ ಟ್ಯಾಗೋರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯುವುದರಲ್ಲಿದ್ದಾಗ ಸುಗ್ರೀವಾಜ್ಞೆಯ ಮೂಲಕ, ಅನಂತರ 1992ರ ತಿದ್ದುಪಡಿಯ ಮೂಲಕ, ಅದನ್ನು 60ಕ್ಕೆ ಹೆಚ್ಚಿಸಲಾಯಿತು. ಆ ವೇಳೆಗೆ ಅವಧಿ ತೀರಿಹೋಗಿದ್ದ ಕೃತಿಗಳಿಗೆ ಈ ವಿಸ್ತರಣೆ ಮರುಜೀವ ಕೊಡಲಿಲ್ಲ.

ಜಾನಪದ ಸಂಗ್ರಹಕ್ಕೆ ಈ ಸೂತ್ರವನ್ನು ಅನ್ವಯಿಸಹೊರಟಾಗ ತೊಡಕು ಆರಂಭವಾಗುತ್ತದೆ. ಕಾದಂಬರಿಯೊಂದಕ್ಕೆ ಲೇಖಕನಿದ್ದಾನೆ. ಬೀಸುವ ಹಾಡಿಗೆ ಲೇಖಕರು ಯಾರು? ಸಂಗ್ರಹ ಗ್ರಂಥವೊಂದರಲ್ಲಿ ಕನಿಷ್ಠ ನಾಲ್ಕು ಪದರಗಳಿರುತ್ತವೆ. ಪರಂಪರೆಯಿಂದ ಬಂದ ಪಠ್ಯ ಒಂದು. ಅದನ್ನು ಹಾಡಿದ ಅಥವಾ ಹೇಳಿದ ವಕ್ತೃವಿನ ರೂಪ ಇನ್ನೊಂದು. ಸಂಗ್ರಾಹಕ ಮಾಡಿದ ಆಯ್ಕೆ, ಜೋಡಣೆ, ಶೀರ್ಷಿಕೆ, ಟಿಪ್ಪಣಿ ಮತ್ತು ಪೀಠಿಕೆ ಮೂರನೆಯದು. ಪ್ರಕಾಶಕನ ಮುದ್ರಣ ನಾಲ್ಕನೆಯದು. ಪುಸ್ತಕದ ಎರಡನೆಯ ಪುಟದಲ್ಲಿರುವ ‘ಹಕ್ಕುಗಳನ್ನು ಕಾದಿರಿಸಲಾಗಿದೆ’ ಎಂಬ ಒಂದು ಸಾಲು ಈ ನಾಲ್ಕನ್ನೂ ಒಟ್ಟಾಗಿ ಆವರಿಸಿದಂತೆ ತೋರುತ್ತದೆ. ವಾಸ್ತವವಾಗಿ ಹಾಗೆ ಆವರಿಸುವುದಿಲ್ಲ.

ನಾಲ್ಕನೆಯ ಪದರವನ್ನು ಬೇಗನೆ ಮುಗಿಸಬಹುದು. ಬ್ರಿಟನ್ನಿನ ಕಾನೂನು ಪುಟದ ಅಚ್ಚಿನ ವಿನ್ಯಾಸಕ್ಕೆ ಪ್ರಕಾಶಕನಿಗೆ 25 ವರ್ಷಗಳ ಪ್ರತ್ಯೇಕ ಹಕ್ಕನ್ನು ಕೊಡುತ್ತದೆ. ಭಾರತದ ಅಧಿನಿಯಮದಲ್ಲಿ ಅಂತಹ ಹಕ್ಕಿಲ್ಲ. ಅವಧಿ ಮುಗಿದ ಪಠ್ಯವೊಂದನ್ನು ಪ್ರಕಾಶಕನೊಬ್ಬ ಇತ್ತೀಚೆಗೆ ಹೊಸದಾಗಿ ಅಚ್ಚುಮಾಡಿದ್ದರೂ ಆ ಪಠ್ಯದ ಭಾಗ ಯಾರಿಗೂ ಮುಕ್ತವೇ. ಹೊಸ ಪ್ರಸ್ತಾವನೆ, ಹೊಸ ಟಿಪ್ಪಣಿ, ಹೊಸ ಚಿತ್ರಗಳಿಗೆ ಮಾತ್ರ ಅವುಗಳದೇ ಆದ ರಕ್ಷಣೆಯಿದೆ.

ಮೂರನೆಯ ಪದರವೇ ಹೆಚ್ಚು ಚರ್ಚೆಗೆ ಎಡೆಯಾದದ್ದು. ಅಧಿನಿಯಮವು ಸಂಕಲನಗಳನ್ನೂ ಸಾಹಿತ್ಯಕೃತಿಯೆಂದೇ ಪರಿಗಣಿಸುತ್ತದೆ. ಊರೂರು ಅಲೆದು ಬರೆದುಕೊಂಡ ಶ್ರಮವೊಂದೇ ಕೃತಿಸ್ವಾಮ್ಯವನ್ನು ಹುಟ್ಟಿಸುತ್ತದೆಯೆಂಬ ನಂಬಿಕೆ ಕ್ಷೇತ್ರಕಾರ್ಯ ಮಾಡಿದವರಲ್ಲಿ ಬಲವಾಗಿತ್ತು, ಈಗಲೂ ಇದೆ. 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ. ಬಿ. ಮೋದಕ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇವಲ ದುಡಿಮೆ ಮತ್ತು ಬಂಡವಾಳ ಸಾಲದು, ಕನಿಷ್ಠ ಪ್ರಮಾಣದ ಸೃಜನಶೀಲತೆಯಾದರೂ ಇರಬೇಕೆಂದು ನಿರ್ಣಯಿಸಿತು. ಆ ಪ್ರಕರಣದ ವಸ್ತು ನ್ಯಾಯಾಲಯಗಳ ತೀರ್ಪುಗಳ ಸಂಪಾದಿತ ಮುದ್ರಣವಾಗಿತ್ತು. ಆದರೂ ಜಾನಪದ ಸಂಪಾದನೆಗೆ ಅದರ ತರ್ಕ ನೇರವಾಗಿ ಸಲ್ಲುತ್ತದೆ. ಕೇಳಿದ ತ್ರಿಪದಿಯನ್ನು ಕೇಳಿದಂತೆ ಬರೆದುಕೊಂಡದ್ದರಿಂದ ಆ ತ್ರಿಪದಿ ಸಂಗ್ರಾಹಕನದಾಗುವುದಿಲ್ಲ. ಸಾವಿರ ತ್ರಿಪದಿಗಳಲ್ಲಿ ಯಾವುದನ್ನು ಆರಿಸಬೇಕು, ತವರಿನ ಹಾಡುಗಳನ್ನು ಎಲ್ಲಿ ಇಡಬೇಕು, ತಾಯಿ-ಮಗುವಿನ ಹಾಡುಗಳನ್ನು ಎಲ್ಲಿ ಇಡಬೇಕು ಎಂಬ ವಿವೇಚನೆ ಮಾತ್ರ ಅವನದು. ಕ್ಷೇತ್ರಕಾರ್ಯದ ಬೆವರಿಗೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಆ ಬೆಲೆಯನ್ನು ಸಲ್ಲಿಸುವ ಸ್ಥಳ ಕೃತಿಸ್ವಾಮ್ಯವಲ್ಲ ಎಂದಷ್ಟೇ ಅರ್ಥ.

‘ಗರತಿಯ ಹಾಡು’ ಇದಕ್ಕೆ ಉತ್ತಮ ನಿದರ್ಶನವಾಗಿದೆ. ಹಲಸಂಗಿ ಗೆಳೆಯರ ಬಳಗ 1931ರಲ್ಲಿ ಇದನ್ನು ಹೊರತಂದಿತು. ಬಳಗದ ಮಧುರಚೆನ್ನರು 1953ರಲ್ಲಿ ತೀರಿಕೊಂಡರು. ಅವರ ಸ್ವಂತ ಕವಿತೆಗಳೂ ಗದ್ಯವೂ 2014ರ ಜನವರಿ 1ರಿಂದ ಸಾರ್ವಜನಿಕ ಸ್ವತ್ತಾಗಿವೆ. ಆದರೆ ಅದೇ ಬಳಗದ ಸಿಂಪಿ ಲಿಂಗಣ್ಣನವರು ಬದುಕಿದ್ದು 1993ರವರೆಗೆ. ಜಂಟಿ ಕರ್ತೃತ್ವದ ಕೃತಿಯಲ್ಲಿ ಕೊನೆಗೆ ತೀರಿಕೊಂಡವರ ಮರಣದಿಂದ ಅವಧಿಯನ್ನು ಎಣಿಸಬೇಕೆಂಬುದು ನಿಯಮ. ಅಂದರೆ ಸಂಗ್ರಾಹಕರೆಲ್ಲರ ಜಂಟಿ ಕೃತಿಯೆಂದು ಈ ಸಂಕಲನವನ್ನು ಭಾವಿಸಿದರೆ ಅದರ ಆಯ್ಕೆ-ಜೋಡಣೆಗಿರುವ ರಕ್ಷಣೆ ಕನಿಷ್ಠ 2053ರ ಕೊನೆಯವರೆಗೆ ಸಾಗುತ್ತದೆ. ಒಳಗಿನ ಹಾಡುಗಳ ಸ್ಥಿತಿಯೇ ಬೇರೆ. ಅವುಗಳಿಗೆ ಕರ್ತೃವೇ ಇಲ್ಲವೆಂದರೆ ರಕ್ಷಣೆಯ ಪ್ರಶ್ನೆಯೇ ಏಳದು. ಅಜ್ಞಾತಕರ್ತೃಕ ಕೃತಿಗಳೆಂದು ವಾದಿಸಿದರೂ ಅಂತಹವುಗಳಿಗೆ ಅವಧಿಯನ್ನು ಪ್ರಕಟಣೆಯ ವರ್ಷದಿಂದ ಎಣಿಸಬೇಕಾಗುತ್ತದೆ. ಆಗ ಜಾರಿಯಲ್ಲಿದ್ದ 50 ವರ್ಷಗಳ ಲೆಕ್ಕದಲ್ಲಿ ಅದು 1981ರ ಕೊನೆಗೇ ಮುಗಿದಿದೆ. ಹೀಗೆ ಒಂದೇ ಪುಟದ ಮೇಲೆ ಹಾಡು ಮುಕ್ತವಾಗಿದ್ದು, ಹಾಡುಗಳ ಅನುಕ್ರಮ ಬಂಧಿತವಾಗಿರುವ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಬಿಡಿ ಹಾಡುಗಳನ್ನು ಆರಿಸಿ ದತ್ತಾಂಶಕೋಶಕ್ಕೆ ಸೇರಿಸುವ ಸಂಶೋಧಕನಿಗೆ ಅಡ್ಡಿಯಿಲ್ಲ; ಇಡೀ ಪುಸ್ತಕವನ್ನು ಮುಖಪುಟದಿಂದ ಕೊನೆಯ ಪುಟದವರೆಗೆ ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಏರಿಸುವವನಿಗೆ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಹಾಡುಗಳು’ ಸಂಕಲನದ ಮಾತೂ ಇದೇ. ಗೊರೂರರು 1991ರಲ್ಲಿ ನಿಧನರಾದುದರಿಂದ ಸಂಪಾದಕರಾಗಿ ಅವರ ಪಾಲಿನದು 2051ರ ಕೊನೆಯವರೆಗೆ ರಕ್ಷಿತವಾಗಿದೆ.

ಇದಕ್ಕೆ ಹೋಲಿಸಿದರೆ ಇನ್ನೂ ಹಳೆಯ ಸಂಗ್ರಹಗಳು ನಿಶ್ಚಿಂತವಾಗಿವೆ. ಜೆ. ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ಮೊದಲಾದವು ಅವರ ಅನುವಾದ-ಟಿಪ್ಪಣಿಗಳ ಸಹಿತ ಮುಕ್ತವಾಗಿವೆ, ಫ್ಲೀಟ್ 1917ರಲ್ಲಿ ತೀರಿಕೊಂಡರು. ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಒಳಗೊಂಡು 1924ರಲ್ಲಿ ಪ್ರಕಟವಾದ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ಯೂ ಹಾಗೆಯೇ. ಅವರು 1931ರಲ್ಲಿ ನಿಧನರಾದುದರಿಂದ ಮೂಲ ಗ್ರಂಥದ ಅವಧಿ 1981ರ ಕೊನೆಗೆ ತೀರಿದೆ. ಆದರೆ 2003ರಲ್ಲಿ ಬಂದ ಅದರ ಇಂಗ್ಲಿಷ್ ಅನುವಾದ ಸ್ವತಂತ್ರ ಕೃತಿ. ಮೂಲ ಮುಕ್ತವಾಗಿದೆಯೆಂಬ ಕಾರಣಕ್ಕೆ ಅನುವಾದ ಮುಕ್ತವಾಗುವುದಿಲ್ಲ. ಗ್ರಂಥಾಲಯಗಳ ಡಿಜಿಟಲ್ ಪಟ್ಟಿಗಳಲ್ಲಿ ಈ ಎರಡನ್ನೂ ಒಂದೇ ಶೀರ್ಷಿಕೆಯಡಿ ಸೇರಿಸಿದರೆ ತಪ್ಪು ಅಲ್ಲಿಂದಲೇ ಪ್ರಾರಂಭವಾದಂತೆ.

ಈಗ ವಿನಾಯಿತಿಗಳನ್ನು ಪರಿಶೀಲಿಸಬಹುದು. ಅಮೆರಿಕದ ಕಾನೂನಿನಲ್ಲಿರುವ ‘ನ್ಯಾಯಯುತ ಬಳಕೆ’ ತೆರೆದ ಸ್ವರೂಪದ್ದು. ಉದ್ದೇಶ, ಕೃತಿಯ ಸ್ವರೂಪ, ಬಳಸಿದ ಪ್ರಮಾಣ, ಮಾರುಕಟ್ಟೆಯ ಮೇಲಿನ ಪರಿಣಾಮ ಇವುಗಳನ್ನು ತೂಗಿ ನ್ಯಾಯಾಲಯವು ತೀರ್ಮಾನಿಸುತ್ತದೆ. ಆ ತೂಗುವಿಕೆಯಲ್ಲಿಯೇ 2015ರಲ್ಲಿ ಗೂಗಲ್‌ನ ಪುಸ್ತಕ ಶೋಧ ಯೋಜನೆ ಗೆದ್ದಿತು, ಏಕೆಂದರೆ ಅದು ರಕ್ಷಿತ ಪುಸ್ತಕಗಳ ತುಣುಕುಗಳನ್ನು ಮಾತ್ರ ತೋರಿಸುತ್ತಿತ್ತು. 2024ರಲ್ಲಿ ಅದೇ ಮೇಲ್ಮನವಿ ನ್ಯಾಯಾಲಯದಲ್ಲಿ ಇಂಟರ್‌ನೆಟ್ ಆರ್ಕೈವ್ ಸೋತಿತು. ತನ್ನ ಬಳಿಯಿರುವ ಮುದ್ರಿತ ಪ್ರತಿಗೆ ಒಂದರಂತೆ ಸ್ಕ್ಯಾನ್ ಪ್ರತಿಯನ್ನು ಎರವಲು ಕೊಡುತ್ತೇನೆಂಬ ಅದರ ಸಮರ್ಥನೆ ನಿಲ್ಲಲಿಲ್ಲ. ಭಾರತದ ‘ನ್ಯಾಯಯುತ ವ್ಯವಹಾರ’ವಾದರೋ ಉದ್ದೇಶಗಳನ್ನು ಹೆಸರಿಸಿ ಹೇಳುವ ಪಟ್ಟಿ. ಅಮೆರಿಕದ ತೀರ್ಪುಗಳನ್ನು ಇಲ್ಲಿನ ಗ್ರಂಥಾಲಯಗಳು ಆಧಾರವಾಗಿ ಹಿಡಿಯುವುದು ಪರರ ಕೊಡೆಯಡಿ ನಿಂತಂತೆ.

ಆ ಪಟ್ಟಿ 52ನೆಯ ಕಲಮಿನಲ್ಲಿದೆ. ಸಂಶೋಧನೆಯೂ ಸೇರಿದಂತೆ ಖಾಸಗಿ ಅಥವಾ ವೈಯಕ್ತಿಕ ಬಳಕೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಇವುಗಳಿಗಾಗಿ ಮಾಡುವ ನ್ಯಾಯಯುತ ವ್ಯವಹಾರವು ಉಲ್ಲಂಘನೆಯಲ್ಲ. ಈ ಉದ್ದೇಶಗಳಿಗಾಗಿ ವಿದ್ಯುನ್ಮಾನ ಮಾಧ್ಯಮದಲ್ಲಿ ಸಂಗ್ರಹಿಸಿಡುವುದೂ ಉಲ್ಲಂಘನೆಯಲ್ಲವೆಂಬ ವಿವರಣೆಯನ್ನು 2012ರ ತಿದ್ದುಪಡಿ ಸೇರಿಸಿತು. ತನ್ನ ಪುಸ್ತಕವನ್ನು ತನ್ನ ಸಂಶೋಧನೆಗಾಗಿ ಸ್ಕ್ಯಾನ್ ಮಾಡಿ ತನ್ನ ಗಣಕಯಂತ್ರದಲ್ಲಿಟ್ಟುಕೊಳ್ಳುವ ವಿದ್ವಾಂಸನಿಗೆ ಇದು ಸಾಕಷ್ಟು ಗಟ್ಟಿಯಾದ ನೆಲೆ. ಇಷ್ಟು ಪುಟ, ಇಷ್ಟು ಶೇಕಡಾ ಎಂಬ ಮಿತಿಯನ್ನು ಅಧಿನಿಯಮ ಎಲ್ಲಿಯೂ ಹಾಕಿಲ್ಲ. ದೆಹಲಿ ವಿಶ್ವವಿದ್ಯಾಲಯದ ನೆರಳಚ್ಚು ಪ್ರಕರಣದಲ್ಲಿಯೂ ದೆಹಲಿ ಉಚ್ಚ ನ್ಯಾಯಾಲಯ 2016ರಲ್ಲಿ ಬೋಧನೆಯ ಉದ್ದೇಶಕ್ಕೆ ಎಷ್ಟು ಅಗತ್ಯವೆಂಬುದನ್ನು ಮುಖ್ಯವಾಗಿ ನೋಡಿತೇ ಹೊರತು ಪುಟಗಳನ್ನು ಎಣಿಸಲಿಲ್ಲ. ಆದರೆ ಅದೇ ಕಡತವನ್ನು ನೂರಾರು ಸದಸ್ಯರ ಗುಂಪಿಗೆ ಕಳುಹಿಸಿದಾಗ ‘ಖಾಸಗಿ’ ಎಂಬ ಪದ ಅರ್ಥ ಕಳೆದುಕೊಳ್ಳುತ್ತದೆ. ಸಾರ್ವಜನಿಕರಿಗೆ ಲಭ್ಯವಾಗಿಸಿದರೆ ಸಾಕು, ಯಾರೊಬ್ಬರೂ ತೆರೆದು ನೋಡದಿದ್ದರೂ ಅದು ಸಂವಹನವೇ ಎಂದು ಅಧಿನಿಯಮ ಹೇಳುತ್ತದೆ.

ಗ್ರಂಥಾಲಯಗಳಿಗೆ ಎರಡು ಉಪಬಂಧಗಳು ಮುಖ್ಯ. ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಈಗಾಗಲೇ ಡಿಜಿಟಲ್ ಅಲ್ಲದ ಪ್ರತಿಯಿರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಬಹುದು. ಇದು 2012ರಲ್ಲಿ ಬಂದದ್ದು. ಭಾರತದಲ್ಲಿ ಮಾರಾಟಕ್ಕೆ ದೊರೆಯದ ಪುಸ್ತಕದ ಮೂರಕ್ಕೆ ಮೀರದ ಪ್ರತಿಗಳನ್ನು ಗ್ರಂಥಾಲಯದ ಬಳಕೆಗಾಗಿ ಮಾಡಿಸಿಕೊಳ್ಳಬಹುದೆಂಬುದು ಇನ್ನೊಂದು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ‘ಅಂಗಡಿಯಲ್ಲಿ ಸಿಗುತ್ತಿಲ್ಲ’ ಎಂಬ ವಾದಕ್ಕೆ ಅಧಿನಿಯಮ ಕೊಡುವ ಮನ್ನಣೆ ಈ ಮೂರು ಪ್ರತಿಗಳಷ್ಟೇ. ಮಾರುಕಟ್ಟೆಯಲ್ಲಿಲ್ಲದ ಪುಸ್ತಕ ಸಾರ್ವಜನಿಕ ಸ್ವತ್ತಾಯಿತೆಂದು ಭಾವಿಸುವುದು ತಪ್ಪು. ಇನ್ನು ‘ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯ’ ಎಂಬುದರ ವ್ಯಾಖ್ಯೆಯನ್ನು ಅಧಿನಿಯಮ ಕೊಟ್ಟಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯ ಅದರೊಳಗೆ ಬರುವುದರಲ್ಲಿ ಸಂದೇಹವಿಲ್ಲ. ವಿಭಾಗದ ಒಂದು ಬೀರು, ಅಕಾಡೆಮಿಯ ಒಂದು ಕೊಠಡಿ, ಮಠವೊಂದರ ಪುಸ್ತಕ ಭಂಡಾರ ಇವು ಬರುತ್ತವೆಯೇ? ಸಾರ್ವಜನಿಕರಿಗೆ ವಾಸ್ತವವಾಗಿ ಬಾಗಿಲು ತೆರೆದಿದ್ದರೆ ಬರುತ್ತವೆಂದು ವಾದಿಸಬಹುದು; ಬೀಗ ಹಾಕಿದ್ದರೆ ವಾದಿಸುವುದು ಕಷ್ಟ. ದೃಷ್ಟಿದೋಷ ಮೊದಲಾದ ಅಂಗವೈಕಲ್ಯವುಳ್ಳವರಿಗಾಗಿ ಓದಬಲ್ಲ ಅಥವಾ ಕೇಳಬಲ್ಲ ರೂಪವನ್ನು ಲಾಭದ ಉದ್ದೇಶವಿಲ್ಲದೆ ಸಿದ್ಧಪಡಿಸಲು ಪ್ರತ್ಯೇಕ ವಿನಾಯಿತಿಯಿದೆ. ಜಾನಪದ ಸಂಸ್ಥೆಗಳು ಇದನ್ನು ಬಳಸಿಕೊಂಡದ್ದು ಕಡಿಮೆ.

ಇಷ್ಟಾದರೂ ಎರಡನೆಯ ಪದರ, ಅಂದರೆ ಹಾಡಿದವರ ಸ್ಥಾನ, ಹಾಗೆಯೇ ಉಳಿಯುತ್ತದೆ. ಜಾನಪದ ವಿದ್ವಾಂಸನಿಗೆ ಇದೇ ನಿಜವಾದ ಪ್ರಶ್ನೆ. ತುಳುವಿನ ಸಿರಿ ಮಹಾಕಾವ್ಯವನ್ನು ಮಾಚಾರು ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪಗೌಡ, ಅನ್ನೆಲಿ ಹೊಂಕೊ ಅವರೊಂದಿಗೆ ಅದನ್ನು 15,683 ಸಾಲುಗಳ ಪಠ್ಯವಾಗಿ 1998ರಲ್ಲಿ ಪ್ರಕಟಿಸಿದರು. ಗ್ರಂಥದ ಹೆಸರಿನಲ್ಲಿಯೇ ಗೋಪಾಲ ನಾಯ್ಕರ ಹೆಸರಿದೆ. ಮಲೆ ಮಾದೇಶ್ವರ ಕಾವ್ಯದ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದಾಗಲೂ ಗಾಯಕರ ಗುರುತು ಉಳಿಯಿತು. ಹಾಡುತ್ತಲೇ ಕಟ್ಟುವ ಇಂತಹ ಗಾಯಕನನ್ನು ಕೇವಲ ಪರಂಪರೆಯ ವಾಹಕನೆಂದು ಕರೆಯುವುದು ವಿದ್ವತ್ತಿನ ದೃಷ್ಟಿಯಿಂದ ಈಗ ಯಾರೂ ಒಪ್ಪದ ಮಾತು. ಹಾಗಾದರೆ ಅವನನ್ನು ಆ ರೂಪದ ಕರ್ತೃವೆಂದು ಕಾನೂನು ಒಪ್ಪಬೇಕಲ್ಲವೇ? ಒಪ್ಪಲು ಅಧಿನಿಯಮದಲ್ಲಿ ಅಡ್ಡಿಯೇನೂ ಇಲ್ಲ; ಒಪ್ಪಿಸುವ ಪ್ರಯತ್ನ ನಡೆದದ್ದು ಅಪರೂಪ.

ಅಧಿನಿಯಮವು ಗಾಯಕನನ್ನು ಗುರುತಿಸಿದ್ದು ಬೇರೊಂದು ಬಾಗಿಲಿನಿಂದ. 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ತಂದಿತು. ಪ್ರದರ್ಶಕನೆಂದರೆ ನಟ, ಗಾಯಕ, ವಾದ್ಯಗಾರ, ನರ್ತಕ, ದೊಂಬರಾಟದವನು, ಗಾರುಡಿಗ, ಹಾವಾಡಿಗ ಎಂದು ಅದರ ವ್ಯಾಖ್ಯೆ ಸಾಗುತ್ತದೆ. ಹಾವಾಡಿಗನನ್ನು ಹೆಸರಿಸಿದ ಶಾಸನಕರ್ತರಿಗೆ ನೀಲಗಾರನೋ ಗೊರವನೋ ನೆನಪಾಗದಿದ್ದರೂ ಅವರು ‘ಗಾಯಕ’ರೊಳಗೆ ಸೇರುತ್ತಾರೆ. ಈ ಹಕ್ಕು ಪ್ರದರ್ಶನಕ್ಕೆ ಮತ್ತು ಅದರ ಧ್ವನಿಮುದ್ರಣಕ್ಕೆ ಸಂಬಂಧಿಸಿದ್ದು. ಈಗ ಅದರ ಅವಧಿ 50 ವರ್ಷ. 2012ರಲ್ಲಿ ಪ್ರದರ್ಶಕನೆಂದು ಹೆಸರಿಸಿಕೊಳ್ಳುವ ನೈತಿಕ ಹಕ್ಕೂ ಸೇರಿತು. ಮುದ್ರಿತ ಪುಟವನ್ನು ಸ್ಕ್ಯಾನ್ ಮಾಡುವವನನ್ನು ಇದು ಮುಟ್ಟುವುದಿಲ್ಲ. ಆದರೆ ಅದೇ ಸಂಸ್ಥೆ ಪುಸ್ತಕದ ಜೊತೆಗೆ ಹಳೆಯ ಕ್ಯಾಸೆಟ್ಟುಗಳನ್ನೂ ಡಿಜಿಟಲ್ ರೂಪಕ್ಕೆ ತರಹೊರಟರೆ ಪುಸ್ತಕಕ್ಕೊಂದು ಲೆಕ್ಕ, ಕ್ಯಾಸೆಟ್ಟಿಗೆ ಇನ್ನೊಂದು ಲೆಕ್ಕ ಹಾಕಬೇಕಾಗುತ್ತದೆ.

ಪರಂಪರೆ ಮತ್ತು ವ್ಯಕ್ತಿ ಪ್ರತಿಭೆಯ ಗಡಿ ನ್ಯಾಯಾಲಯದವರೆಗೆ ಹೋದ ಪ್ರಕರಣ ಕರ್ನಾಟಕದ್ದೇ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕನ್ನು ಕುರಿತು ಅವರ ಉಯಿಲಿನ ಆಧಾರದ ಮೇಲೆ ಹೂಡಿದ ದಾವೆ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. ಯಕ್ಷಗಾನವೆಂಬ ಕಲಾಪ್ರಕಾರ ಯಾರದೂ ಅಲ್ಲ, ಆದರೆ ಕಾರಂತರು ರಚಿಸಿ ಬದಲಿಸಿದ ಪ್ರಸಂಗಗಳ ಹಕ್ಕು ಉಯಿಲಿನ ಮೂಲಕ ಸಾಗುತ್ತದೆಂಬ ನಿಲುವು ಅಲ್ಲಿ ನಿಂತಿತು. ಜೊತೆಗೆ 52ನೆಯ ಕಲಮಿನ ವಿನಾಯಿತಿಗಳೊಳಗೆ ಬರುವ ಪ್ರದರ್ಶನಕ್ಕೆ ತಡೆಯಾಜ್ಞೆ ಅನ್ವಯಿಸದೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಈ ಎರಡನೆಯ ಭಾಗವನ್ನು ಉದ್ಧರಿಸದೆ ಮೊದಲನೆಯದನ್ನು ಮಾತ್ರ ಹೇಳುವ ಪರಿಪಾಠ ಬೆಳೆದಿರುವುದು ಸರಿಯಲ್ಲ.

ಅಕಾಡೆಮಿ, ವಿಶ್ವವಿದ್ಯಾಲಯಗಳ ಪ್ರಕಟಣೆಗಳ ವಿಷಯದಲ್ಲಿ ಇನ್ನೊಂದು ತಪ್ಪು ಗ್ರಹಿಕೆಯಿದೆ. ಪ್ರಕಟಿಸಿದ ಸಂಸ್ಥೆಗೇ ಎಲ್ಲ ಹಕ್ಕುಗಳೂ ಸೇರುತ್ತವೆ, ಆದ್ದರಿಂದ ಸಂಸ್ಥೆಯೇ ಸ್ಕ್ಯಾನ್ ಮಾಡಿ ಪ್ರಕಟಿಸಬಹುದೆಂದು ತಿಳಿಯಲಾಗುತ್ತದೆ. ಸೇವೆಯಲ್ಲಿರುವ ನೌಕರ ಕರ್ತವ್ಯದ ಭಾಗವಾಗಿ ಬರೆದದ್ದು ಬೇರೆ. ಆಹ್ವಾನಿತ ಲೇಖಕನ ಬರಹದ ಹಕ್ಕು ಲಿಖಿತ ಒಪ್ಪಂದವಿಲ್ಲದೆ ವರ್ಗಾವಣೆಯಾಗುವುದಿಲ್ಲ. ಗೌರವಧನದ ರಸೀದಿ ಒಪ್ಪಂದವಲ್ಲ. ಸಂಸ್ಮರಣ ಸಂಪುಟಗಳಲ್ಲಿರುವ ಲೇಖನಗಳ ಹಕ್ಕು ಹೀಗೆ ಬಹುಮಟ್ಟಿಗೆ ಆಯಾ ಲೇಖಕರಲ್ಲಿಯೇ, ಅವರಿಲ್ಲದಿದ್ದರೆ ಅವರ ವಾರಸುದಾರರಲ್ಲಿಯೇ ಉಳಿದಿದೆ. ಒಪ್ಪಂದವಿದ್ದರೂ ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೂ ವ್ಯಾಪ್ತಿಯನ್ನು ಬರೆಯದಿದ್ದರೆ ಭಾರತ ಮಾತ್ರವೆಂದೂ ತಿಳಿಯಬೇಕು. 1994ರ ತಿದ್ದುಪಡಿ ಜಾರಿಗೆ ಬರುವ ಮೊದಲಿನ ಒಪ್ಪಂದಗಳಿಗೆ ಈ ನಿಯಮ ಅನ್ವಯಿಸದು. ಹಳೆಯ ಕಡತಗಳನ್ನು ತೆಗೆದು ಒಪ್ಪಂದಪತ್ರಗಳನ್ನು ಹುಡುಕುವುದು ಸ್ಕ್ಯಾನರ್ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಹಕ್ಕುದಾರರೇ ಪತ್ತೆಯಾಗದಿದ್ದಾಗ 31ಎ ಕಲಮಿನಡಿ ಪರವಾನಗಿ ಕೋರಬಹುದು. ಅದಕ್ಕೆ ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವುಳ್ಳ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕೆಂಬ ಷರತ್ತಿದೆ. ಹಳ್ಳಿಯೊಂದರಲ್ಲಿರುವ ಸಂಗ್ರಾಹಕನ ಮೊಮ್ಮಗಳು ಆ ಪ್ರಕಟಣೆಯನ್ನು ಓದುವಳೇ ಎಂಬುದನ್ನು ಶಾಸನ ಕೇಳುವುದಿಲ್ಲ. 2021ರಲ್ಲಿ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿ ರದ್ದಾದ ಮೇಲೆ ಇಂತಹ ಅರ್ಜಿಗಳು ನ್ಯಾಯಾಲಯದ ಮೆಟ್ಟಿಲೇರಬೇಕು. ಐವತ್ತು ರೂಪಾಯಿ ಮುಖಬೆಲೆಯ ಗಾದೆ ಸಂಕಲನಕ್ಕಾಗಿ ಯಾವ ಗ್ರಂಥಪಾಲಕನೂ ಈ ಹಾದಿ ಹಿಡಿಯಲಾರ.

ಹೀಗಾಗಿ ಕೇಳಿ ಪಡೆಯುವುದೇ ಹತ್ತಿರದ ದಾರಿ. 2014ರಲ್ಲಿ ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬದವರು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದರು. ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಸಂಪುಟಗಳನ್ನು ಅದೇ ಬಗೆಯಲ್ಲಿ ಮುಕ್ತಗೊಳಿಸಿತು. ಇವೆರಡೂ ಒಪ್ಪಿಗೆಪತ್ರದಿಂದ ಆದ ಕೆಲಸಗಳು. ಇದಕ್ಕೆ ವ್ಯತಿರಿಕ್ತವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ನಡೆದ ಭಾರತದ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಅವಧಿ ತೀರಿದವೂ ತೀರದವೂ ಒಟ್ಟಿಗೇ ಸೇರಿಕೊಂಡವು. ಅದರ ಮೂಲ ಜಾಲತಾಣ ಮುಂದೆ ಸ್ಥಗಿತಗೊಂಡಿತು. ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಅಲ್ಲಿ ಹುಡುಕುವವನಿಗೆ ಕನ್ನಡ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ ಒಡೆದುಹೋದ ಅಕ್ಷರಗಳಾಗಿ ಎದುರಾಗುತ್ತವೆ.

ವಿವರಪಟ್ಟಿಯಲ್ಲಿಯೂ ಜಾನಪದ ಗ್ರಂಥಕ್ಕೆ ಅಗತ್ಯವಾದ ಕೆಲವು ಅಂಕಣಗಳಿವೆ. ಸಾಮಾನ್ಯ ಗ್ರಂಥಸೂಚಿಯಲ್ಲಿ ಲೇಖಕ, ಪ್ರಕಾಶಕ, ವರ್ಷ ಎಂಬಷ್ಟಿರುತ್ತದೆ. ಸಂಗ್ರಾಹಕ ಯಾರು, ತೀರಿಕೊಂಡ ವರ್ಷ ಯಾವುದು, ಪೀಠಿಕೆ ಯಾರದು, ಹಾಡಿದವರು ಯಾರು, ಯಾವ ಊರಿನವರು ಎಂಬುದನ್ನೂ ದಾಖಲಿಸಿದರೆ ಅವಧಿಯ ಲೆಕ್ಕವೂ ಸಿಗುತ್ತದೆ, ವಕ್ತೃವಿನ ಹೆಸರೂ ಉಳಿಯುತ್ತದೆ. ಅನೇಕ ಹಳೆಯ ಸಂಗ್ರಹಗಳಲ್ಲಿ ಹಾಡಿದ ಹೆಣ್ಣುಮಕ್ಕಳ ಹೆಸರುಗಳಿರುವುದು ಪುಸ್ತಕದ ಕಟ್ಟಕಡೆಯಲ್ಲಿ, ಸಣ್ಣ ಅಕ್ಷರಗಳ ಅನುಬಂಧದಲ್ಲಿ. ರಟ್ಟು ಕಿತ್ತುಹೋದಾಗ ಮೊದಲು ಕಳಚಿ ಬೀಳುವ ಹಾಳೆಗಳೂ ಅವೇ. ಸ್ಕ್ಯಾನ್ ಮಾಡುವ ಸಿಬ್ಬಂದಿ ಪಠ್ಯ ಮುಗಿಯಿತೆಂದು ಅನುಬಂಧವನ್ನು ಬಿಟ್ಟುಬಿಟ್ಟರೆ ಆ ಹೆಸರುಗಳಿಗೆ ಮತ್ತೊಂದು ಆಕರ ಇರುವುದಿಲ್ಲ.